ಒಂದು ಕಿಟಕಿಗಾಗಿ ಪಿನಾಂಗಿಗೆ

ಗಂಗಾವತಿ

ನಾನು ಬಡಿಗ. ಹೆಸರು ಮೌನೇಶಪ್ಪ. ಗಂಗಾವತಿಯ ಯಾವ ಓಣಿಗೆ ಹೋದರೂ ನಾನು ಕೂಡಿಸಿದ ಒಂದು ಬಾಗಿಲಾದರೂ ಸಿಕ್ಕೀತು. ಹತ್ತನೇ ಇಯತ್ತೆ ದಾಟಿದ ಮೇಲೆ ಸಾಲೆ ಬಿಟ್ಟು ಬಾಚಿ ಹಿಡಿದವನು, ವಿಮಾನ ಹತ್ತುತ್ತೇನೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಹತ್ತಿಸಿದ್ದು ಒಂದು ಕಿಟಕಿ.

ಕೊಪ್ಪಳ ಬೇರೆ ಜಿಲ್ಲೆಯಾಗಿ ಏಳೆಂಟು ವರ್ಷ ಆಗಿದ್ದಿರಬಹುದು, ಆಗ ನಮ್ಮ ಊರಿಗೆ ಫೆಂಗ್ ಶೂಯಿ ಬಂತು. ಮೊದಲು ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯೊಂದರಲ್ಲಿ ನಗುವ ಬುದ್ಧ ಬಂದು ಕೂತ. ಅವನ ಹಿಂದೆಯೇ ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ, ಗಾಳಿಗೆ ಕಿಣಿಕಿಣಿ ಎನ್ನುವ ಕೊಳವೆಗಳು, ಗಾಜಿನ ಲೋಟದಲ್ಲಿ ಬಿದಿರಿನ ಸಸಿ. ವಾಸ್ತುವಿನ ಹೆಸರಲ್ಲಿ ಬಾಗಿಲು ಕಿತ್ತು ಬೇರೆ ಕಡೆ ಕೂಡಿಸುವ ಕೆಲಸ ನನಗೆ ಮೊದಲೇ ಸಾಕಷ್ಟಿತ್ತು. ಈಗ ವಾಸ್ತು ಒಂದು ಕಡೆ ಎಂದರೆ ಫೆಂಗ್ ಶೂಯಿ ಇನ್ನೊಂದು ಕಡೆ ಎನ್ನುತ್ತಿತ್ತು. ಒಂದೇ ಬಾಗಿಲನ್ನು ಒಂದೇ ವರ್ಷದಲ್ಲಿ ಎರಡು ಸಲ ಕಿತ್ತದ್ದೂ ಉಂಟು.

ಮರಳಿ ಎಂಬ ಹಳ್ಳಿಯ ರಸ್ತೆಯಲ್ಲಿ ರೈಸ್ ಮಿಲ್ಲು ಇಟ್ಟ ಚನ್ನಬಸಪ್ಪ ಸಾಹುಕಾರರ ಮನೆಯ ಕಟ್ಟಿಗೆ ಕೆಲಸವೆಲ್ಲ ನನ್ನದೇ. ಅವರಿಗೆ ಒಬ್ಬಳೇ ಮಗಳು, ನಿರ್ಮಲಾ. ಕೊಪ್ಪಳದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಇಪ್ಪತ್ತೆಂಟು ತುಂಬಿತ್ತು. ಮೂರು ಕಡೆಯಿಂದ ಹುಡುಗಿ ನೋಡಲು ಬಂದವರು ಉಪ್ಪಿಟ್ಟು ತಿಂದು, ಚಹಾ ಕುಡಿದು, ‘ಹೇಳಿ ಕಳಿಸ್ತೀವಿ’ ಎಂದು ಹೋದವರು ಹೇಳಿ ಕಳಿಸಲಿಲ್ಲ. ಸಾಹುಕಾರರಿಗೆ ಇದು ದೊಡ್ಡ ಕೊರಗು. ಯಾರೋ ಹೇಳಿದರೆಂದು ಹುಬ್ಬಳ್ಳಿಯಿಂದ ಒಬ್ಬ ಫೆಂಗ್ ಶೂಯಿ ಪಂಡಿತನನ್ನು ಕರೆಸಿದರು. ಅವನು ದಿಕ್ಸೂಚಿ ಹಿಡಿದು ಮನೆಯೆಲ್ಲ ತಿರುಗಿ, ಮಾಳಿಗೆಯ ಮೇಲಿನ ನಿರ್ಮಲಾಳ ಕೋಣೆಗೆ ಬಂದು ನಿಂತ.

‘ನೈಋತ್ಯ ಮದುವೆಯ ಮೂಲೆ. ಇಲ್ಲಿ ಇಷ್ಟು ದೊಡ್ಡ ಕಿಟಕಿ ಇಟ್ಟಿದ್ದೀರಿ. ಬಂದ ಯೋಗವೆಲ್ಲ ಇದರಿಂದ ಸೋರಿ ಹೋಗುತ್ತಿದೆ’ ಎಂದ. ಕಿಟಕಿ ಕಿತ್ತು ಇಟ್ಟಿಗೆ ಕಟ್ಟಿಸಬೇಕು. ಕೋಣೆಯನ್ನು ಸಾಮಾನಿನ ಕೋಣೆ ಮಾಡಬೇಕು. ಹುಡುಗಿ ಅಡುಗೆಮನೆಯ ಪಕ್ಕದ, ಬೆಳಕಿಲ್ಲದ ಕೋಣೆಯಲ್ಲಿ ಮಲಗಬೇಕು. ತಲೆದಿಂಬಿನ ಹತ್ತಿರ ಒಂದು ಜೋಡಿ ಬಾತುಕೋಳಿಯ ಗೊಂಬೆ ಇಡಬೇಕು.

ಆ ಕಿಟಕಿ ಮಾಡಿದವನು ನಾನೇ. ಸಾಗವಾನಿ ಕಟ್ಟಿಗೆಯದು, ಒಬ್ಬರು ಕಾಲು ಚಾಚಿ ಕೂಡುವಷ್ಟು ಅಗಲದ ಹಲಗೆ ಇಟ್ಟಿದ್ದೆ. ಅಲ್ಲಿ ಕೂತರೆ ಗದ್ದೆಯ ಬಯಲು ಕಾಣುತ್ತಿತ್ತು. ನಿರ್ಮಲಾ ಓದಿದ್ದೆಲ್ಲ ಅಲ್ಲೇ ಕೂತು. ಕಿತ್ತು ಹಾಕು ಎಂದು ಸಾಹುಕಾರರು ಹೇಳಿದ ಮರುದಿನ ಆಕೆ ನನ್ನ ಅಂಗಡಿಗೆ ಬಂದಳು.

‘ಮೌನೇಶ್ ಕಾಕಾ, ಒಂದೀಟು ತಡಾ ಮಾಡ್ರಿ’ ಎಂದಳು, ಅಷ್ಟೇ.

ತಡ ಮಾಡುವುದು ಬಡಿಗನಿಗೆ ಕಷ್ಟದ ಕೆಲಸವಲ್ಲ. ಒಂದು ವಾರ ಅಮಾವಾಸ್ಯೆ ಅಡ್ಡ ಬಂತು, ಇನ್ನೊಂದು ವಾರ ನನಗೆ ಸೊಂಟ ಹಿಡಿಯಿತು. ಅಷ್ಟರಲ್ಲಿ ಮಲೇಶಿಯಾದಲ್ಲಿ ಅಕ್ಕಿ ಯಂತ್ರಗಳ ಪ್ರದರ್ಶನ ಇದೆಯೆಂದು ಸಾಹುಕಾರರಿಗೆ ಕರೆ ಬಂತು. ಅವರ ಹೆಂಡತಿ ಗಿರಿಜಮ್ಮನವರು ಆಗ ಆಡಿದ ಮಾತು ನನ್ನ ಎದುರಿಗೇ ಆಡಿದ್ದು.

‘ಅಲ್ಲಿ ಚೀನಾ ಮಂದಿ ಭಾಳ ಅದಾರಂತಲ್ರಿ. ವಿದ್ಯಾ ಅವ್ರದು. ಹುಬ್ಬಳ್ಯಾಗಿನವ್ನ ಮಾತು ಕೇಳಿ ಗ್ವಾಡಿ ಕಟ್ಟೂಕಿಂತ ಅವ್ರನ್ನ ಕೇಳ್ಕೊಂಡ ಬರ್ರಿ.’

ಹಾಗಾಗಿ ಇಂಗ್ಲಿಷ್ ಮಾತಾಡಲು ಮಗಳು, ಅಲ್ಲಿನ ಮನೆಗಳನ್ನು ನೋಡಿ ಬಂದು ಇಲ್ಲಿ ಹಾಗೇ ಮಾಡಲು ನಾನು, ಹೀಗೆ ಮೂವರು ಮಲೇಶಿಯಾದ ಪಿನಾಂಗ್ ಎಂಬ ದ್ವೀಪಕ್ಕೆ ಹೊರಟೆವು.

ಚೆನ್ನೈ

ನನ್ನ ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಧೋತರದಲ್ಲಿ ಸುತ್ತಿದ ಮುಕ್ಕಾಲು ಇಂಚಿನ ಉಳಿ. ಮಾಡಲು ಅಲ್ಲೇನೂ ಕೆಲಸವಿರಲಿಲ್ಲ. ಆದರೆ ಉಳಿ ಇಲ್ಲದೆ ಮನೆ ಬಿಟ್ಟು ಹೋದ ನೆನಪೇ ನನಗಿಲ್ಲ. ವಿಮಾನ ನಿಲ್ದಾಣದ ತಪಾಸಣೆಯವರು ಅದನ್ನು ಹೊರತೆಗೆದು, ಹಾವಿನ ಮರಿ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿ ತೋರಿಸಿದರು. ಸುತ್ತಲಿದ್ದವರೆಲ್ಲ ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದರು.

ನಿರ್ಮಲಾ ಇಂಗ್ಲಿಷಿನಲ್ಲಿ ಏನೇನೋ ಹೇಳಿದಳು. ಸಾಹುಕಾರರು ಕನ್ನಡದಲ್ಲೇ ‘ಅಂವ ಬಡಿಗ ಅದಾನ್ರಿ, ಬ್ಯಾರೆ ಏನಲ್ಲ’ ಎಂದು ಸಾಕ್ಷಿ ನುಡಿದರು. ಉಳಿ ಹೋಯಿತು. ನನ್ನನ್ನು ಬಿಟ್ಟರು. ರೊಟ್ಟಿಯ ಗಂಟನ್ನು ಬಿಚ್ಚಿ ನೋಡಿದ ತಪಾಸಣೆಯವನು ಒಂದನ್ನು ಬೆರಳಿನಿಂದ ಬಡಿದು, ಸಂಶಯದಿಂದಲೇ ಮರಳಿ ಕೊಟ್ಟ. ತಗಡು ಎಂದುಕೊಂಡಿದ್ದನೋ ಏನೋ.

ಪಿನಾಂಗ್: ನಾಲ್ಕಿಲ್ಲದ ಲಿಫ್ಟು

ಸಾಹುಕಾರರ ಅದೃಷ್ಟದ ಸಂಖ್ಯೆ ನಾಲ್ಕು. ಅವರ ಲಾರಿಗಳ ನಂಬರು ಕೂಡಿಸಿದರೆ ನಾಲ್ಕೇ ಬರಬೇಕು. ಹೋಟೆಲಿನಲ್ಲಿ ಕಾಲಿಟ್ಟ ಕೂಡಲೇ ‘ನಾಲ್ಕನೇ ಮಾಳಿಗಿ ಕೇಳವ್ವಾ’ ಎಂದರು. ನಿರ್ಮಲಾ ಕೇಳಿದಳು. ಮೇಜಿನ ಹಿಂದೆ ನಿಂತ ಹುಡುಗಿ ಕಿಲಕಿಲ ನಕ್ಕು, ನಾಲ್ಕನೆಯದು ಇಲ್ಲ ಎಂದಳು.

‘ತುಂಬ್ಯಾವೇನು?’

‘ತುಂಬಿಲ್ಲಪ್ಪ, ಆ ಮಾಳಿಗಿನ ಇಲ್ಲಂತ. ಚೀನಾ ಭಾಷಾದಾಗ ನಾಲ್ಕು ಅಂದ್ರ ಸಾವು ಅಂದಂಗ ಕೇಳ್ತದಂತ. ಅದಕ್ಕ ಯಾರೂ ಇಡೂದಿಲ್ಲ.’

ಲಿಫ್ಟಿನಲ್ಲಿ ನೋಡಿದರೆ ಹೌದು. ಮೂರು ಆದ ಮೇಲೆ ಮೂರು-ಎ, ಆಮೇಲೆ ಐದು. ಸಾಹುಕಾರರಿಗೆ ಜೀವವೇ ಕುಗ್ಗಿತು. ಇಪ್ಪತ್ತು ವರ್ಷದಿಂದ ತಮ್ಮನ್ನು ಕಾಯ್ದ ಸಂಖ್ಯೆಗೆ ಇಲ್ಲಿ ಈ ಮರ್ಯಾದೆ! ನನಗೆ ಕೊಟ್ಟದ್ದು ಐದರಲ್ಲಿ ಕೋಣೆ. ನಾನು ಮೆಟ್ಟಿಲು ಹತ್ತಿ, ಮೂರು-ಎಯನ್ನು ಲೆಕ್ಕಕ್ಕೆ ಹಿಡಿಯದೆ ಮಾಳಿಗೆ ಎಣಿಸಿಕೊಂಡು ಹೋಗಿ, ಒಂದು ಹೆಚ್ಚಾಗಿ, ಆರರಲ್ಲಿ ಯಾರದೋ ಕದಕ್ಕೆ ಬೀಗದ ಕೈ ತುರುಕಿ ತಿರುವುತ್ತಾ ನಿಂತಿದ್ದೆ. ಒಳಗಿನಿಂದ ಟವೆಲ್ ಸುತ್ತಿಕೊಂಡ ದಪ್ಪ ಮನುಷ್ಯನೊಬ್ಬ ಬಾಗಿಲು ತೆರೆದು, ಸಿಟ್ಟಾಗದೆ, ನನ್ನ ಕೈ ಹಿಡಿದು ಕೆಳಗಿಳಿಸಿ ನನ್ನ ಕೋಣೆಗೆ ಮುಟ್ಟಿಸಿ ಹೋದ. ಟವೆಲಿನಲ್ಲೇ.

ಅರ್ಧ ಬಾಗಿಲಿನ ಓಣಿಗಳು

ಮರುದಿನ ಹಳೆಯ ಪೇಟೆಯಲ್ಲಿ ತಿರುಗಿದೆವು. ನಾನು ಮನುಷ್ಯರನ್ನು ನೋಡಲಿಲ್ಲ, ಬಾಗಿಲುಗಳನ್ನೇ ನೋಡಿದೆ. ಮುಂದೆ ಅಂಗಡಿ, ಹಿಂದೆ ಮನೆ. ಒಂದಕ್ಕೊಂದು ಅಂಟಿದ ಉದ್ದನೆಯ ಮನೆಗಳ ಸಾಲು. ಎಲ್ಲ ಮನೆಗಳ ಮುಂದೂ ಚಾವಣಿ ಹೊದ್ದ ಕಟ್ಟೆ. ಒಂದರಿಂದ ಒಂದಕ್ಕೆ ನಡೆಯುತ್ತಲೇ ಹೋಗಬಹುದು, ಬಿಸಿಲೂ ಇಲ್ಲ, ಮಳೆಯೂ ಇಲ್ಲ. ದೊಡ್ಡ ಕದದ ಮುಂದೆ ಎದೆಮಟ್ಟದ ಇನ್ನೊಂದು ಜೋಡಿ ಕದ. ಹಗಲೆಲ್ಲ ದೊಡ್ಡ ಕದ ತೆರೆದಿರುತ್ತದೆ, ಈ ಅರ್ಧ ಕದ ಮಾತ್ರ ಹಾಕಿರುತ್ತದೆ. ಗಾಳಿ ಒಳಗೆ, ನಾಯಿ ಹೊರಗೆ. ನಾನು ಒಂದೊಂದರ ಬಿಜಾಗರಿಯನ್ನೂ ಮುಟ್ಟಿ ನೋಡುತ್ತಿದ್ದೆ. ಒಳಗಿನಿಂದ ಅಜ್ಜಿಯರು ಮುಖ ಎತ್ತಿ ನೋಡುತ್ತಿದ್ದರು.

ಬಾಗಿಲ ಮೇಲೆ ಎಂಟು ಮೂಲೆಯ ಹಲಗೆ, ನಡುವೆ ಪುಟ್ಟ ಕನ್ನಡಿ. ಕೆಟ್ಟದ್ದು ಬಂದರೆ ತಿರುಗಿ ಹೋಗಲಿ ಎಂದಂತೆ. ಒಂದು ಓಣಿಯಲ್ಲಿ ಎದುರುಬದುರು ಮನೆಗಳೆರಡೂ ಕನ್ನಡಿ ಹಾಕಿದ್ದವು. ‘ಇವ್ರ ಕೆಟ್ಟದ್ದು ಅವ್ರಿಗೆ, ಅವ್ರದು ಇವ್ರಿಗೆ. ಹೊಳ್ಳಾಮಳ್ಳಾ ಅಡ್ಡಾಡತದ’ ಎಂದು ನಿರ್ಮಲಾ ನಕ್ಕಳು. ಸಾಹುಕಾರರು ನಗಲಿಲ್ಲ. ಆ ಕನ್ನಡಿಯಲ್ಲಿ ತಮ್ಮ ಟೋಪಿ ಸರಿಮಾಡಿಕೊಳ್ಳುತ್ತಿದ್ದರು.

ಊಟಕ್ಕೆ ಚೀನೀ ಗುಡಿಯ ಪಕ್ಕದ ಶಾಕಾಹಾರದ ಅಂಗಡಿಗೆ ಹೋದರೆ, ತಟ್ಟೆಯಲ್ಲಿ ಇಡೀ ಬಾತುಕೋಳಿ ಬಂತು. ಸೋಯಾದ್ದು ಎಂದು ನಿರ್ಮಲಾ ಎಷ್ಟು ಹೇಳಿದರೂ ಸಾಹುಕಾರರು ಕೈ ಹಚ್ಚಲಿಲ್ಲ. ‘ಬಾತುಕೋಳಿ ಆಗೂದು ಸೋಯಾಕ್ಕ ಬೇಕಾಗಿತ್ತೇನು?’ ಎಂದು ಎದ್ದರು. ಕಟ್ಟೆಯ ಮೇಲೆ ಕೂತು ಮೂವರೂ ರೊಟ್ಟಿ ಮುರಿದೆವು. ಖಡಕ್ ರೊಟ್ಟಿ ಮುರಿಯುವ ಸದ್ದಿಗೆ ಪಕ್ಕದ ಅಂಗಡಿಯವರು ಏನು ಒಡೆಯಿತೋ ಎಂದು ಹೊರಬಂದು ನೋಡಿದರು.

ಆಹ್ ಸೆಂಗನ ಅಂಗಡಿ

ಕಟ್ಟಿಗೆಯ ವಾಸನೆ ಹಿಡಿದು ಹೋದವನಿಗೆ ಬಡಿಗನ ಅಂಗಡಿ ಸಿಗದೆ ಇದ್ದೀತೆ? ಆಹ್ ಸೆಂಗ್ ಎಂಬಾತ ನನ್ನ ವಯಸ್ಸಿನವನೇ, ಕಿವಿಯ ಮೇಲೆ ಪೆನ್ಸಿಲ್ಲು ಸಿಕ್ಕಿಸಿಕೊಂಡು ದೇವರ ಮಾಡಕ್ಕೆ ರಂದಾ ಹೊಡೆದು ನುಣುಪು ಮಾಡುತ್ತಿದ್ದ. ನಾನು ನನ್ನ ಅಂಗೈಯ ಗಂಟುಗಳನ್ನು ತೋರಿಸಿದೆ. ಅವನು ತನ್ನದನ್ನು ತೋರಿಸಿದ. ಪರಿಚಯ ಮುಗಿಯಿತು.

ಅವನ ಅಳತೆಯ ಟೇಪು ನೋಡಿ ನನಗೆ ಬೆರಗಾಯಿತು. ಇಂಚಿನ ಗುರುತುಗಳ ಜೊತೆಗೆ ಕೆಂಪು ಮತ್ತು ಕಪ್ಪು ಅಕ್ಷರಗಳ ಮನೆಗಳು. ಬಾಗಿಲಿನ ಅಗಲ ಕೆಂಪಿನಲ್ಲಿ ನಿಂತರೆ ಶುಭ, ಕಪ್ಪಿನಲ್ಲಿ ನಿಂತರೆ ಅಶುಭ. ಎಷ್ಟು ಭಾಗ ಎಂದು ಬೆರಳಿನಲ್ಲಿ ಕೇಳಿದೆ. ಎಂಟು ಎಂದು ಬೆರಳು ತೋರಿಸಿದ. ನಮ್ಮಲ್ಲೂ ಬಾಗಿಲಿಗೆ ಆಯ, ಅಂದರೆ ಶುಭದ ಅಳತೆ, ನೋಡುತ್ತೇವೆ: ಧ್ವಜಾಯ, ಸಿಂಹಾಯ, ಗಜಾಯ ಎಂದು. ಅವೂ ಎಂಟೇ! ನನ್ನಪ್ಪ ಬೆರಳು ಮಡಚಿ ಲೆಕ್ಕ ಹಾಕಿ ಕಲಿಸಿದ್ದನ್ನು ಸಮುದ್ರದಾಚೆ ಯಾರೋ ಟೇಪಿನ ಮೇಲೆ ಅಚ್ಚು ಹಾಕಿಟ್ಟಿದ್ದಾರೆ. ಅವನೂ ನಾನೂ ಎಂಟೆಂಟು ಬೆರಳು ಎತ್ತಿ ಹಿಡಿದು ನಗುತ್ತಾ ನಿಂತೆವು.

ಹುರುಪಿನಲ್ಲಿ ಟೇಪು ಕಸಿದುಕೊಂಡು ಅವನ ಅಂಗಡಿಯ ಬಾಗಿಲನ್ನೇ ಅಳೆದೆ. ಕೆಂಪು ಬಂತು, ‘ಛಲೋ’ ಎಂದೆ. ಆಹ್ ಸೆಂಗ್ ಹೌಹಾರಿ ನನ್ನ ಕೈಯಿಂದ ಟೇಪು ಎಳೆದುಕೊಂಡ. ಅಷ್ಟರಲ್ಲಿ ನನ್ನ ಹಿಂದೆ ಬಂದು ನಿಂತಿದ್ದ ನಿರ್ಮಲಾ ಅವನ ಹರಕುಮುರುಕು ಇಂಗ್ಲಿಷ್ ಕೇಳಿ ತಿಳಿಸಿದಳು: ಟೇಪಿನಲ್ಲಿ ಎರಡು ಸಾಲು ಇವೆ. ಮೇಲಿನದು ಬದುಕಿದವರ ಮನೆಗೆ. ನಾನು ನೋಡಿದ ಕೆಳಗಿನ ಸಾಲು ಗೋರಿ ಅಳೆಯಲು.

ನಿರ್ಮಲಾ ಕ್ಷಮೆ ಕೇಳಿ, ನಾವು ಬಂದ ಕಾರಣ ಹೇಳಿದಳು. ಅವನು ಯೋಚಿಸಿ, ತನಗೆ ಈ ವಿದ್ಯೆ ಕಲಿಸಿದ ಲಿಮ್ ಎಂಬ ಮುದುಕರು ಎರಡು ಓಣಿಯಾಚೆ ಇದ್ದಾರೆ, ಒಂದು ಕಾಲಕ್ಕೆ ಸಾಲೆಯ ಮೇಷ್ಟ್ರು, ಇಂಗ್ಲಿಷ್ ಬಲ್ಲವರು, ನಾಳೆ ಬೆಳಿಗ್ಗೆ ಬನ್ನಿ ಎಂದ.

ಲಿಮ್ ಅಜ್ಜನ ಮನೆ

ಹೊಸ್ತಿಲು ಮೊಣಕಾಲ ಹತ್ತಿರ ಬರುವಷ್ಟು ಎತ್ತರ. ಸಾಹುಕಾರರು ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲನ್ನು ತುಳಿಯದೆ ಧೋತರ ಎತ್ತಿಕೊಂಡು ದಾಟಿದರು. ಬಂದವರೆಲ್ಲ ತುಳಿದೇ ಬರುತ್ತಾರೆ, ನಿಮಗೆ ಯಾರು ಕಲಿಸಿದರು ಎಂದು ಲಿಮ್ ಅಜ್ಜ ಕೇಳಿದರು. ‘ನಮ್ಮವ್ವ’ ಎಂದರು ಸಾಹುಕಾರರು. ಅಜ್ಜ ಎಂಬತ್ತರ ಸುಮಾರಿನ, ಬಿಳಿ ಬನಿಯನ್ನಿನ ತೆಳ್ಳನೆಯ ಮನುಷ್ಯ. ಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳ. ಬೆಳಕು ಅಲ್ಲಿಂದ ಇಳಿದು ನೆಲದ ಮೇಲೆ ಕೂತಿತ್ತು.

ಎಲ್ಲ ಚೆನ್ನಾಗಿಯೇ ಇತ್ತು, ಸಾಹುಕಾರರು ಉಡುಗೊರೆ ಹೊರತೆಗೆಯುವ ತನಕ. ದೀಪಾವಳಿಗೆ ಗಿರಾಕಿಗಳಿಗೆ ಹಂಚುವ ಮಿಲ್ಲಿನ ಹೆಸರಿದ್ದ ಗೋಡೆ ಗಡಿಯಾರ ಅದು. ಎರಡೂ ಕೈಯಲ್ಲಿ ಹಿಡಿದು ಮರ್ಯಾದೆಯಿಂದ ಚಾಚಿದರು. ಆಹ್ ಸೆಂಗನ ಮುಖ ಬೆಳ್ಳಗಾಯಿತು. ಅವರಲ್ಲಿ ಗಡಿಯಾರ ಕೊಡುವುದೆಂದರೆ, ನಿಮ್ಮ ಗಳಿಗೆ ಮುಗಿಯಿತು, ಮಣ್ಣಿಗೆ ಬರುತ್ತೇನೆ ಎಂದಂತೆ. ಅದೂ ಎಂಬತ್ತು ವರ್ಷದವರಿಗೆ!

ಲಿಮ್ ಅಜ್ಜ ಮಾತ್ರ ಬೆದರಲಿಲ್ಲ. ಡಬ್ಬಿಯಿಂದ ಒಂದು ಸಣ್ಣ ನಾಣ್ಯ ತೆಗೆದು ಸಾಹುಕಾರರ ಅಂಗೈಯಲ್ಲಿ ಇಟ್ಟರು. ಈಗ ಇದು ಉಡುಗೊರೆ ಅಲ್ಲ, ನಾನು ಕೊಂಡದ್ದು, ದೋಷ ಇಲ್ಲ ಎಂದು ಗಡಿಯಾರವನ್ನು ಗೋಡೆಗೆ ಒರಗಿಸಿಟ್ಟರು. ಆ ಕ್ಷಣವೇ ನನಗೆ ಆ ಮನುಷ್ಯನ ಮೇಲೆ ಗೌರವ ಬಂತು.

ನಾನು ಸಾಹುಕಾರರ ಮನೆಯ ನಕ್ಷೆಯನ್ನು ಚೌಕದ ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಅಜ್ಜ ಕನ್ನಡಕ ಹಾಕಿ, ಅದನ್ನು ದಿಕ್ಕಿಗೆ ಸರಿಯಾಗಿ ತಿರುಗಿಸಿಟ್ಟುಕೊಂಡು, ತಾಸೊಂದು ನೋಡಿದರು. ಅವರು ಇಂಗ್ಲಿಷಿನಲ್ಲಿ ಕೇಳುವುದು, ನಿರ್ಮಲಾ ಕನ್ನಡದಲ್ಲಿ ಹೇಳುವುದು. ತಲೆಬಾಗಿಲ ಎದುರಿಗೇ ಮೆಟ್ಟಿಲು ಇಳಿಯುತ್ತದೆ, ನಡುವೆ ಒಂದು ಮರೆ ಹಾಕಿ ಎಂದರು. ಸಾಹುಕಾರರ ಮಂಚ ತೊಲೆಯ ಕೆಳಗಿದೆ, ಸರಿಸಿ ಎಂದರು. ‘ನಮ್ಮಪ್ಪನೂ ಅದನ್ನ ಹೇಳ್ತಿದ್ದನ್ರಿ’ ಎಂದೆ ನಾನು. ಆಮೇಲೆ ಅವರ ಬೆರಳು ನೈಋತ್ಯದ ಕಿಟಕಿಯ ಮೇಲೆ ಬಂದು ನಿಂತಿತು.

‘ಇದನ್ನ ಮುಚ್ಚಬೇಕಂತ ಹುಬ್ಬಳ್ಳಿಯವ್ರು ಹೇಳ್ಯಾರ, ಖರೇನ ಅಂತ ಕೇಳು’ ಎಂದರು ಸಾಹುಕಾರರು.

ಅಜ್ಜ ತಿರುಗಿ ಕೇಳಿದರು: ನಿಮ್ಮ ಊರಿನಲ್ಲಿ ಮಳೆಯ ಗಾಳಿ ಎಲ್ಲಿಂದ ಬರುತ್ತದೆ?

‘ಮುಂಗಾರು ಮತ್ತೆಲ್ಲಿಂದ ಬರ್ತದ? ನೈಋತ್ಯದಿಂದನ.’

ಈ ವಿದ್ಯೆಯ ಹೆಸರಿನ ಅರ್ಥವೇ ಗಾಳಿ ಮತ್ತು ನೀರು ಎಂದರು ಅಜ್ಜ. ಪುಸ್ತಕದಲ್ಲಿ ಒಂದು ದಿಕ್ಕು ಬರೆದಿರುತ್ತದೆ, ಊರಿಗೆ ಊರಿನದೇ ಗಾಳಿ ಇರುತ್ತದೆ. ಬೇಸಿಗೆಯಲ್ಲಿ ಬೆಂದ ಮನೆಗೆ ಮೊದಲ ತಂಪು ತರುವ ಕಿಟಕಿ ಮುಚ್ಚಲು ನಾನು ಹೇಳಲಾರೆ ಎಂದರು.

ನನಗೆ ಎದ್ದು ಕುಣಿಯಬೇಕೆನಿಸಿತು. ಆದರೆ ಸಾಹುಕಾರರು ಅಷ್ಟಕ್ಕೇ ಬಿಡುವವರಲ್ಲ.

‘ಹಂಗಾರ ನನ್ನ ಮಗಳ ಮದುವಿ ಯಾಕ ಆಗವಲ್ದು? ಯಾವ ಮೂಲ್ಯಾಗ ತಪ್ಪೈತಿ? ಕೇಳು.’

‘ಅಪ್ಪಾ, ಇದನ್ನ ನಾನು ಹೆಂಗ ಕೇಳ್ಲಿ?’

‘ಮತ್ತ ಯಾರು ಕೇಳ್ತಾರ? ನನಗ ಇಂಗ್ಲಿಷ್ ಬರ್ತದೇನು?’

ಆಕೆ ನಕ್ಷೆಯನ್ನು ನೋಡುತ್ತಾ ಇಂಗ್ಲಿಷಿನಲ್ಲಿ ಕೇಳಿದಳು. ಕೊನೆಗೆ ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದ್ದರಿಂದ, ಆ ಮಗಳು ನಾನೇ ಎಂದಳೆಂದು ನನಗೂ ಗೊತ್ತಾಯಿತು. ಅಜ್ಜ ಕನ್ನಡಕ ತೆಗೆದರು. ಆಕೆಯನ್ನೇ ನೋಡಿ ಒಂದು ಸಣ್ಣ ಪ್ರಶ್ನೆ ಕೇಳಿದರು. ಆಕೆ ಉತ್ತರ ಕೊಡಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಮೆಲ್ಲಗೆ, ಕಣ್ಣಲ್ಲಿ ನೀರಿಲ್ಲದೆ, ಪಾಠ ಹೇಳುವವರ ಹಾಗೆ ಮಾತಾಡಿದಳು. ಅಜ್ಜ ತಲೆಯಾಡಿಸುತ್ತಿದ್ದರು. ಸಾಹುಕಾರರು ಅವರ ಮುಖ ಒಮ್ಮೆ, ಇವಳ ಮುಖ ಒಮ್ಮೆ ನೋಡುತ್ತಿದ್ದರು.

‘ಏನಂದ್ರವ್ವಾ? ನೀ ಏನಂದಿ?’

ನಿರ್ಮಲಾ ತಂದೆಯ ಕಡೆ ತಿರುಗಿದಳು.

‘ಬ್ಯಾಡ ಅಂದದ್ದು ಮನಿನೋ, ನೀನೋ ಅಂತ ಕೇಳಿದ್ರಪ್ಪ. ನಾನ ಅಂದೆ.’

‘ಏನು?’

‘ನೀವೆಲ್ಲ ಅತ್ತಾಗ ಮಾತಾಡ್ತಿದ್ದಾಗ ಮೂರೂ ಹುಡುಗರು ನನ್ನ ಒಂದ ಮಾತು ಕೇಳಿದ್ರು, ಮದುವಿ ಆದಮ್ಯಾಲೆ ಕಾಲೇಜು ಬಿಡ್ತೀಯಲ್ಲ ಅಂತ. ಬಿಡೂದಿಲ್ಲ, ಇನ್ನೂ ಓದಾಕಿ ಅದೀನಿ ಅಂದೆ. ಅದಕ್ಕ ಅವ್ರು ಹೇಳಿ ಕಳಿಸ್ಲಿಲ್ಲ. ಗ್ವಾಡಿದು, ಕಿಡಕಿದು ಏನೂ ತಪ್ಪಿಲ್ಲ. ನಿನಗ ಹೇಳಾಕ ಧೈರ್ಯ ಆಗ್ಲಿಲ್ಲ.’

ಅಂಗಳದಲ್ಲಿ ಬಿಸಿಲು ಹೋಗಿ ಮೋಡ ಕವಿದಿತ್ತು. ಸಾಹುಕಾರರು ಎದ್ದರು. ಯಾರಿಗೂ ಏನೂ ಹೇಳದೆ ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಮಳೆ

ನಾವು ಹೊರಗೆ ಬರುವಷ್ಟರಲ್ಲಿ ಅವರು ಕಾಣಲಿಲ್ಲ. ಮಳೆ ಸುರಿಯತೊಡಗಿತು. ಅಲ್ಲಿಯ ಮಳೆ ನಮ್ಮದರ ಹಾಗೆ ಗಾಳಿ ಬೀಸಿ, ಧೂಳೆಬ್ಬಿಸಿ, ಸುದ್ದಿ ಕೊಟ್ಟು ಬರುವುದಲ್ಲ. ಕೊಡ ಮಗುಚಿದಂತೆ ಒಮ್ಮೆಲೇ ಬೀಳುತ್ತದೆ. ಕಟ್ಟೆಯಿಂದ ಕಟ್ಟೆಗೆ ಓಡುತ್ತಾ ನಾನೂ ನಿರ್ಮಲಾಳೂ ಆಹ್ ಸೆಂಗನೂ ಹುಡುಕಿದೆವು. ಊರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ, ಹೋಟೆಲಿನ ಹೆಸರೂ ಅವರಿಗೆ ಬಾಯಿಗೆ ಬರುತ್ತಿರಲಿಲ್ಲ.

‘ಕಾಕಾ, ನಾನು ಹಂಗ ಹೇಳಬಾರದಿತ್ತು’ ಎಂದಳು ನಿರ್ಮಲಾ. ಕೂದಲಿಂದ ನೀರು ಇಳಿಯುತ್ತಿತ್ತು.

‘ಹೇಳಿದ್ದು ಬರೋಬ್ಬರಿ ಐತೆವ್ವಾ. ಊರು ಸ್ವಲ್ಪ ದೂರಾತು, ಅಷ್ಟ’ ಎಂದೆ.

ಮೂರು ಓಣಿ ದಾಟಿದ ಮೇಲೆ ಧ್ವನಿ ಕೇಳಿತು. ಗಂಗಾವತಿಯ ಕನ್ನಡ, ಜೋರಾಗಿ. ಒಂದು ಮನೆಯ ಮುಂದಿನ ಕಟ್ಟೆಯಲ್ಲಿ ಸ್ಟೂಲಿನ ಮೇಲೆ ಸಾಹುಕಾರರು ಕೂತಿದ್ದರು. ಟೋಪಿ ಮೊಣಕಾಲ ಮೇಲೆ, ಕೈಯಲ್ಲಿ ಹಾಲಿಲ್ಲದ ಚಹಾದ ಬಟ್ಟಲು. ಎದುರಿಗೆ ಅರ್ಧ ಕದದ ಮೇಲೆ ಮೊಣಕೈ ಊರಿ ಒಬ್ಬ ಚೀನೀ ಅಜ್ಜಿ. ಸಾಹುಕಾರರು ಮಗಳು ಹುಟ್ಟಿದ ದಿನದಿಂದ ಶುರುಮಾಡಿ ತಮ್ಮ ಸಂಸಾರದ ಕಥೆಯನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರು. ಅಜ್ಜಿ ನಡುನಡುವೆ ತನ್ನ ಭಾಷೆಯಲ್ಲಿ ಏನೋ ಅನ್ನುತ್ತಾ ಅವರ ಬಟ್ಟಲಿಗೆ ಚಹಾ ಸುರಿಯುತ್ತಿದ್ದಳು.

ನಮ್ಮನ್ನು ನೋಡಿ ಅವರು ಎದ್ದೇಳಲಿಲ್ಲ. ‘ಈಕಿಗೆ ನನ್ನ ಒಂದ ಮಾತೂ ತಿಳಿದಿಲ್ಲ. ಆದ್ರ ಎಷ್ಟ ಛಂದ ಕೇಳ್ಯಾಳ ನೋಡು’ ಎಂದರು.

ನಿರ್ಮಲಾ ಕಟ್ಟೆಯ ಮೇಲೆ ಅವರ ಕಾಲ ಹತ್ತಿರ ಕೂತಳು. ‘ನನಗೂ ಹಂಗ ಕೇಳೋರು ಒಬ್ಬರು ಬೇಕಿತ್ತಪ್ಪ’ ಎಂದಳು.

ಸಾಹುಕಾರರು ತಮ್ಮ ಬಟ್ಟಲನ್ನು ಮಗಳ ಕೈಗೆ ಕೊಟ್ಟರು. ‘ತೊಯ್ದಿ. ಕುಡಿ.’

ಕೆಡಾದ ಗದ್ದೆಗಳು

ಯಂತ್ರಗಳ ಪ್ರದರ್ಶನ ಇದ್ದದ್ದು ಸಮುದ್ರದಾಚೆ, ಕೆಡಾ ಎಂಬ ಭತ್ತದ ಸೀಮೆಯಲ್ಲಿ. ದೊಡ್ಡ ದೋಣಿಯಲ್ಲಿ ದಾಟಿ, ಅಲ್ಲಿಂದ ಕಾರಿನಲ್ಲಿ ಹೋಗಬೇಕು. ದಾರಿಯುದ್ದಕ್ಕೂ ಸಾಹುಕಾರರು ಕಿಟಕಿಗೆ ಮುಖ ಮಾಡಿ ಕೂತಿದ್ದರು. ಆಮೇಲೆ ಕಾಲುವೆ ಬಂತು. ಕಾಲುವೆಯ ಎರಡೂ ಬದಿಗೆ ಕಣ್ಣು ಹರಿಯುವಷ್ಟು ದೂರ ಭತ್ತ. ಮರಳಿಯ ಹತ್ತಿರ ಬಂದೆವೇನೋ ಅನ್ನುವ ಹಾಗೆ. ಬಿಳಿ ಕೊಕ್ಕರೆಗಳೂ ಅವೇ. ನಮ್ಮ ಬಂಡೆಗುಡ್ಡಗಳು ಇರಬೇಕಾದ ಕಡೆ ತೆಂಗು ಮತ್ತು ಒಂದು ಮಸೀದಿಯ ಗುಮ್ಮಟ.

‘ನಿಲ್ಸು ನಿಲ್ಸು’ ಎಂದರು ಸಾಹುಕಾರರು. ಇಳಿದು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದು ತೆನೆ ಹಿಡಿದು, ಕಾಳು ಸುಲಿದು ಹಲ್ಲಿಗೆ ಹಾಕಿ ಕಚ್ಚಿದರು. ‘ಇನ್ನ ಹದಿನೈದು ದಿನ ಬೇಕು’ ಎಂದರು. ಎರಡು ದಿನದಲ್ಲಿ ಅವರು ಧೈರ್ಯವಾಗಿ ಆಡಿದ ಮೊದಲ ಮಾತು ಅದು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: ‘ಮೌನೇಶಪ್ಪ, ನಿನಗ ಗೊತ್ತಿತ್ತೇನು?’

‘ಹುಡುಗರು ಏನ್ ಕೇಳಿದ್ರು ಅನ್ನೂದು ಗೊತ್ತಿರ್ಲಿಲ್ರಿ. ಆದ್ರ ನನ್ನ ಸೊಂಟ ಹಿಡಿದಿದ್ದು ಸುಳ್ಳು. ಕಿಡಕಿ ಕೀಳಬಾರ್ದಂತ ತಡಾ ಮಾಡ್ದೆ.’

ಬಯ್ಯುತ್ತಾರೆ, ಇನ್ನು ಆ ಮನೆಯ ಕೆಲಸ ಹೋಯಿತು ಎಂದೇ ತಿಳಿದಿದ್ದೆ. ಅವರು ಕೈಗೆ ಹತ್ತಿದ ಹೊಟ್ಟು ಕೊಡವಿಕೊಂಡರು.

‘ಅಂದ್ರ ನನ್ನ ಮನ್ಯಾಗ ನಾನೊಬ್ಬನ ಪರದೇಶಿ ಆದ್ನೆಲ್ಲೋ’ ಎಂದರು.

ನಿರ್ಮಲಾ ಹತ್ತು ಮಾರು ದೂರದಲ್ಲಿ ಕಾಲುವೆಯ ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದಳು. ಸಾಹುಕಾರರು ಎದ್ದು, ಧೋತರ ಝಾಡಿಸಿಕೊಂಡು, ಬದುವಿನ ಮೇಲೆ ನಡೆದು ಆಕೆಯ ಹತ್ತಿರ ಹೋಗಿ ಕೂತರು. ಅವರು ಕೇಳಿದ್ದು ನನಗೆ ಕೇಳಿಸಿತು. ಮಿಲ್ಲಿನವರ ಧ್ವನಿ ಸಣ್ಣದಾಗುವುದಿಲ್ಲ.

‘ನಿನಗ ಏನ್ ಬೇಕವ್ವಾ?’

‘ಪಿಎಚ್‌ಡಿ ಮಾಡ್ಬೇಕಪ್ಪ. ಮದುವಿನ ಬ್ಯಾಡ ಅಂದಿಲ್ಲ. ಇದನ್ನ ಬಿಡು, ಅದನ್ನ ಬಿಡು ಅನ್ನೋರ ಮನಿ ಬ್ಯಾಡ.’

‘ಮದ್ಲ ಹೇಳೂದಲ್ಲ? ಇಷ್ಟು ದೂರ ಬರೂದಾದ್ರೂ ತಪ್ಪತಿತ್ತು.’

‘ಇಷ್ಟು ದೂರ ಬಂದದ್ದಕ್ಕ ಹೇಳಿದೆ’ ಎಂದಳು ಆಕೆ.

ಅಪ್ಪ ಮಗಳು ಇಬ್ಬರೂ ನಕ್ಕರು. ಅಂದು ಮಧ್ಯಾಹ್ನ ಪ್ರದರ್ಶನದಲ್ಲಿ ಸಾಹುಕಾರರು ಪ್ರತಿ ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿ ನೋಡಿದರು. ಒಂದು ಕಡೆ ಜರಡಿಯಲ್ಲಿ ಟೋಪಿಯೇ ಸಿಕ್ಕಿಕೊಂಡು, ಯಂತ್ರ ನಿಲ್ಲಿಸಬೇಕಾಯಿತು. ನನ್ನ ಜೊತೆ ಮಾತ್ರ ಸಂಜೆಯ ತನಕ ಮಾತಾಡಲಿಲ್ಲ. ಮರಳಿ ದೋಣಿ ಹತ್ತಿದ ಮೇಲೆ ಒಂದು ಹಣ್ಣು ಸುಲಿದು ಅರ್ಧ ನನಗೆ ಚಾಚಿದರು. ಸಿಟ್ಟು ಮುಗಿಯಿತು ಎಂದು ತಿಳಿದುಕೊಂಡೆ.

ಮತ್ತೆ ಗಂಗಾವತಿ

ಹೊಸ ವಿದ್ಯೆಯ ಪ್ರಕಾರ ಸಾಹುಕಾರರ ಮನೆಯಲ್ಲಿ ನಾನು ಮಾಡಿದ ಕೆಲಸ ಎರಡೇ: ಮೆಟ್ಟಿಲ ಮುಂದೆ ಒಂದು ಕಟ್ಟಿಗೆಯ ಮರೆ, ತೊಲೆಯ ಕೆಳಗಿನಿಂದ ಮಂಚ ಸರಿಸಿದ್ದು. ನಿರ್ಮಲಾಳ ಕಿಟಕಿಗೆ ಕೈ ಹಚ್ಚಲಿಲ್ಲ. ಮಂಚ ಸರಿದ ಮೇಲೆ ನಿದ್ದೆ ಛಲೋ ಬರುತ್ತಿದೆ ಎಂದು ಅವರು ಇಂದಿಗೂ ಹೇಳುತ್ತಾರೆ. ನಾನೂ ಇಲ್ಲ ಎನ್ನುವುದಿಲ್ಲ. ಮಲಗುವವರಿಗೆ ಗೊತ್ತಿರುತ್ತದೆ.

ಎರಡು ತಿಂಗಳಾದ ಮೇಲೆ ಕುಷ್ಟಗಿಯಿಂದ ಒಂದು ಸಂಬಂಧ ಬಂತು. ಹುಡುಗ ಸರಕಾರಿ ನೌಕರ, ನೋಡಲು ಲಕ್ಷಣವಾಗಿದ್ದ. ಅಂದು ಸಾಹುಕಾರರು ನನ್ನನ್ನೂ ಕರೆಸಿದ್ದರು. ಬಂದವರು ಕೂತು, ಪರಿಚಯ ಆದ ಮೇಲೆ, ಸಾಹುಕಾರರು ಎದ್ದು ನಿಂತು, ‘ಹುಡುಗ ಹುಡುಗಿ ಇಬ್ರೂ ಮಾತಾಡ್ಲಿ. ನಾವೆಲ್ಲ ಹೊರಗ ಕುಂದ್ರೂಣ’ ಎಂದರು. ಹುಡುಗನ ತಂದೆಗೆ ಇದು ಹೊಸತು. ಆದರೂ ಹೊರಬಂದರು. ಕಟ್ಟೆಯ ಮೇಲೆ ಅರ್ಧ ತಾಸು ಭತ್ತದ ಮಾತು, ನೀರಿನ ಮಾತು ಆಯಿತು. ಒಳಗೆ ನಗುವ ಸದ್ದು ಕೇಳಿದಾಗಲೆಲ್ಲ ಗಿರಿಜಮ್ಮನವರು ಬಾಗಿಲಿನಲ್ಲಿ ನಿಂತು ನನ್ನ ಮುಖ ನೋಡಿ ಹುಬ್ಬೇರಿಸುತ್ತಿದ್ದರು. ಈ ಸಲ ಆದಂತೆಯೇ ಎಂದು ನನಗೂ ಅನಿಸಿತು.

ನಿರ್ಮಲಾ ಹೊರಬಂದಳು. ಹಿಂದೆ ಆ ಹುಡುಗ.

‘ಅಪ್ಪಾ, ಇವರು ಭಾಳ ಛಲೋ ಮನಷ್ಯಾರು. ಆದ್ರ ಇವರ ಮನ್ಯಾಗ ಕೆಲಸಕ್ಕ ಹೋಗೂದಕ್ಕ ಒಪ್ಪೂದಿಲ್ಲಂತ. ಅದಕ್ಕ ನಾನು ಬ್ಯಾಡ ಅಂದೆ’ ಎಂದಳು. ಕೈ ಸೆರಗನ್ನು ಹಿಡಿದಿತ್ತು.

ಹುಡುಗನ ತಂದೆ ಟವೆಲು ಹೆಗಲ ಮೇಲೆ ಹಾಕಿಕೊಂಡು ಏಳಲು ನೋಡಿದರು. ಸಾಹುಕಾರರು ಮಗಳನ್ನು ಒಮ್ಮೆ ನೋಡಿ, ಎದ್ದವರ ಕೈ ಹಿಡಿದು ಕೂಡ್ರಿಸಿದರು.

‘ಎಲ್ಲಿಗೆ ಹೊಂಟ್ರಿ? ಹುಡುಗಿ ಬ್ಯಾಡ ಅಂದಾಳ, ಹೋಳಿಗಿ ಬ್ಯಾಡ ಅಂದಿಲ್ಲ. ಉಂಡ ಹೋಗ್ರಿ.’

ಮೊದಲು ನಕ್ಕವನು ಆ ಹುಡುಗನೇ. ಎಲೆ ಹಾಕಿದ ಮೇಲೆ ಮೊದಲು ಕೂತವನೂ ಅವನೇ. ನಿರ್ಮಲಾ ತುಪ್ಪ ಬಡಿಸುತ್ತಾ ಬಂದಾಗ ಅವನು ಸಂಕೋಚವಿಲ್ಲದೆ ಇನ್ನೆರಡು ಹೋಳಿಗೆ ಹಾಕಿಸಿಕೊಂಡ. ಸಾಹುಕಾರರು ಪಂಕ್ತಿಯ ತುದಿಯಲ್ಲಿ ನಿಂತು, ‘ಅವ್ರಿಗೆ ಇನ್ನೊಂದೀಟು ತುಪ್ಪ ಹಾಕವ್ವಾ, ನಾಚಬ್ಯಾಡ’ ಎಂದು ಮಿಲ್ಲಿನ ಧ್ವನಿಯಲ್ಲಿ ಕೂಗುತ್ತಿದ್ದರು.